ಬುಡದ ಬಿರಡೆ

2023ರ ವಿಧಾನಸಭಾ ಚುನಾವಣೆ ಮುಗಿದು, ಗೆದ್ದವರು ಹಾರ ಹಾಕಿಸಿಕೊಂಡು, ಸೋತವರು ಮನೆ ಸೇರಿದ ಮೇಲೆ ನಾನು ಠಾಣೆಗೆ ಹೋಗಿ ನಮ್ಮ ಮನೆಯ ಕೋವಿ ಬಿಡಿಸಿಕೊಂಡು ಬಂದೆ. ಮಲೆನಾಡಿನಲ್ಲಿ ಇದೊಂದು ವಾಡಿಕೆ. ನೀತಿಸಂಹಿತೆ ಜಾರಿಯಾಯಿತೆಂದರೆ ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದ ಕೋವಿಗಳೆಲ್ಲ ಠಾಣೆಯ ಮೂಲೆಯಲ್ಲಿ ಸಾಲಾಗಿ ನಿಲ್ಲಬೇಕು. ಮಂಗಗಳಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲ. ಅವು ಆ ದಿನಗಳಲ್ಲಿ ಬಾಳೆಗೊನೆ, ಎಳೆಯಡಿಕೆ, ಹಲಸು ಎಂಬ ಪಕ್ಷಭೇದವಿಲ್ಲದೆ ಮನೆಮನೆ ಪ್ರಚಾರ ನಡೆಸುತ್ತವೆ.

ನಮ್ಮ ಕೋವಿಯ ಹೆಸರು ಲೈಸೆನ್ಸ್ ಪುಸ್ತಕದಲ್ಲಿ ‘ಎಸ್‌ಬಿಎಂಎಲ್’ ಎಂದಿದೆ. ಒಂದೇ ನಳಿಗೆಯ, ಬಾಯಿಯಿಂದ ಮದ್ದು ತುಂಬುವ ಕೋವಿ ಎಂದು ಅದರ ಅರ್ಥ. ಊರಿನಲ್ಲಿ ಕೇಪಿನ ಕೋವಿ ಎಂದರೆ ಸಾಕು. ಅಜ್ಜ ಕೊಂಡದ್ದು, ಅಪ್ಪಯ್ಯ ಬಳಸಿದ್ದು. ಬೆಂಗಳೂರಿನ ಬ್ಯಾಂಕೊಂದರಲ್ಲಿ ಮೂವತ್ತು ವರ್ಷ ಕೌಂಟರಿನ ಹಿಂದೆ ಕೂತು ರಿಟೈರಾಗಿ ಬಂದ ನನಗೆ ಅಡಿಕೆ ತೋಟದ ಜೊತೆ ಸೇರಿಕೊಂಡು ಬಂದದ್ದು. ಭಟ್ಟರ ಮನೆಯ ಕೋವಿ ಯಾವ ಪ್ರಾಣಿಯನ್ನೂ ಕೊಂದ ದಾಖಲೆಯಿಲ್ಲ. ದೊಡ್ಡದಾಗಿ ಸದ್ದು ಮಾಡುವುದು, ಹೊಗೆ ಎಬ್ಬಿಸುವುದು, ಇಷ್ಟೇ ಅದರ ಕಸುಬು. ನಮ್ಮ ಪೌರೋಹಿತ್ಯದ ಬಗ್ಗೆಯೂ ಊರವರು ಇದೇ ಮಾತು ಹೇಳುತ್ತಾರೆ, ನಾನು ಕೇಳಿಸಿಕೊಳ್ಳುವುದಿಲ್ಲ.

ಮನೆಗೆ ತಂದು ಬಿಸಿಲಿಗೆ ಹಿಡಿದು ನೋಡಿದಾಗ ಬುಡದಲ್ಲಿ, ನಳಿಗೆ ಮರವನ್ನು ಸೇರುವ ಕಡೆ, ಕಂದು ಬಣ್ಣದ ಕಣ್ಣೀರು ಇಳಿದ ಗುರುತು ಕಂಡಿತು. ಠಾಣೆಯ ಗೋಡೆಯ ತೇವ ಎಂದುಕೊಂಡೆ. ನನ್ನ ಹೆಂಡತಿ ಬೆರಳಿನಿಂದ ಉಜ್ಜಿ, ಮೂಸಿ, “ಇದು ಕುಂಕುಮ” ಎಂದಳು. ಪ್ರತಿ ಆಯುಧಪೂಜೆಗೂ ಗಂಧ, ಕುಂಕುಮ, ಮೇಲೊಂದಿಷ್ಟು ತೀರ್ಥ. ಅರವತ್ತು ವರ್ಷಗಳ ಭಕ್ತಿಯೆಲ್ಲ ಅಲ್ಲಿ ಮಡುಗಟ್ಟಿ ನಿಂತಿತ್ತು. ಒರೆಸಿದರೆ ಕೆಳಗಿನ ಕಬ್ಬಿಣ ಚಕ್ಕೆ ಚಕ್ಕೆಯಾಗಿ ಎದ್ದಿತು. ಬೇರೆ ಆಯುಧಗಳಿಗೂ ಇದೇ ಗತಿ ಎಂದು ನಾನು ಕಾರಿನ ಬಾನೆಟ್ಟು ಎತ್ತಿ ನೋಡಿದೆ. ಅದು ಇನ್ನೊಂದು ಪ್ರಬಂಧಕ್ಕಾಗುವ ವಿಷಯ.

ಕೋವಿಯನ್ನು ಕಂಡಕಂಡವರ ಹತ್ತಿರ ರಿಪೇರಿ ಮಾಡಿಸುವಂತಿಲ್ಲ. ಅದಕ್ಕೂ ಪರವಾನಗಿ ಇದ್ದವರೇ ಬೇಕು. ಜಿಲ್ಲಾ ಕೇಂದ್ರದಲ್ಲಿ ಅಂಥದೊಂದು ಅಂಗಡಿ. ಎದುರಿಗೆ ಕನ್ನಡಿ ಕಪಾಟು, ಹಿಂದೆ ಕತ್ತಲೆ ಕೋಣೆ, ಕೋಣೆಯಲ್ಲೊಂದು ಲೇತು, ಲೇತಿನ ಪಕ್ಕದಲ್ಲಿ ಎಪ್ಪತ್ತು ದಾಟಿದ ಸಾಯ್ಬರು. ಅಪ್ಪಯ್ಯನ ಕಾಲದಿಂದ ಪರಿಚಯ. ಗೋಣಿಚೀಲ ಬಿಚ್ಚಿ ಕೋವಿ ಕೊಟ್ಟೆ. ಅವರು ಬುಡ ನೋಡಲಿಲ್ಲ, ಬೀಗ ನೋಡಲಿಲ್ಲ. ಮದ್ದು ಜಡಿಯುವ ಗಜ ತೆಗೆದುಕೊಂಡು ನಳಿಗೆಯೊಳಗೆ ಮೆಲ್ಲಗೆ ಇಳಿಬಿಟ್ಟರು. ‘ದಬ್’ ಎಂದಿತು. ಬಾಯಿಯ ಹತ್ತಿರ ಗಜವನ್ನು ಹೆಬ್ಬೆರಳಿನಿಂದ ಹಿಡಿದು ಹೊರಗೆ ತೆಗೆದು, ಅದೇ ಗಜವನ್ನು ನಳಿಗೆಯ ಪಕ್ಕದಲ್ಲಿಟ್ಟು ಅಳೆದರು. ಗಜದ ತುದಿ ಬುಡದಿಂದ ನಾಲ್ಕು ಬೆರಳು ಈಚೆಗೇ ನಿಂತಿತು.

“ಭಟ್ರೆ, ಇದನ್ನ ಬಸ್ಸಲ್ಲಿ ತಂದ್ರಾ?”

“ಹೌದು ಸಾಯ್ಬ್ರೆ. ಸೀಟಿನ ಕೆಳಗೆ ಇಟ್ಕೊಂಡಿದ್ದೆ.”

“ತುಂಬಿದೆ.”

ನಾನು ಕೂತಿದ್ದ ಸ್ಟೂಲಿನಿಂದ ಎದ್ದೆ. ಎರಡು ತಿಂಗಳ ಹತ್ತಿರ ಸರ್ಕಾರದ ಸುಪರ್ದಿಯಲ್ಲಿ, ಶಾಂತಿಯುತ ಮತದಾನಕ್ಕಾಗಿ, ಮದ್ದು ತುಂಬಿದ ಕೋವಿಯನ್ನು ಇಟ್ಟು ಬಂದಿದ್ದೆ. ಮದ್ದು ಹೊತ್ತಿಸುವ ಕೇಪು ಇರಲಿಲ್ಲ ಎಂಬುದೊಂದೇ ಸಮಾಧಾನ. “ಕೊನೇ ಈಡು ಯಾರು ತುಂಬಿದ್ದು?” ಎಂದು ಕೇಳಿದರು. ನಾನಂತೂ ಮುಟ್ಟಿದವನಲ್ಲ. ಅಪ್ಪಯ್ಯನೇ ಇರಬೇಕು, ಅವರು ಹೋಗಿ ಆಗ ನಾಲ್ಕು ವರ್ಷ. ಮಂಗನಿಗೆಂದು ತುಂಬಿ, ಅಷ್ಟರಲ್ಲಿ ಮಂಗ ಹೋಗಿ, ಆಮೇಲೆ ಅವರೂ ಹೋಗಿದ್ದರು.

ಸಾಯ್ಬರು ನಳಿಗೆಗೆ ನೀರು ಹೊಯ್ದು ಒಂದು ರಾತ್ರಿ ನೆನೆಸಿದರು. ಮರುದಿನ ತುದಿಯಲ್ಲಿ ತಿರುಪಿನಂಥ ಮುಳ್ಳಿದ್ದ ಇನ್ನೊಂದು ಗಜ ಹಾಕಿ, ತಿರುಗಿಸಿ ಎಳೆದರು. ಮೊದಲು ತೆಂಗಿನ ನಾರು ಬಂತು. ಆಮೇಲೆ ಒದ್ದೆ ಕಾಗದದ ಉಂಡೆ. ಕಡೆಗೆ ಕರಿ ಕೆಸರು. ಕಾಗದವನ್ನು ಬಿಡಿಸಿ ನೋಡಿದೆ. ಪತ್ರಿಕೆಯ ಧಾರಣೆ ಅಂಕಣ: ಸರಕು, ಬೆಟ್ಟೆ, ರಾಶಿ, ಗೊರಬಲು. ರೇಟಿನ ಕಡೆ ಮಸಿ ಹತ್ತಿ ಏನೂ ಕಾಣುತ್ತಿರಲಿಲ್ಲ. ಅಡಿಕೆ ಧಾರಣೆ ಬಿದ್ದ ದಿನ ಅಪ್ಪಯ್ಯ ಆ ಪುಟವನ್ನು ಕೋವಿಗೆ ತುಂಬುತ್ತಿದ್ದರು, ಏರಿದ ದಿನ ಕತ್ತರಿಸಿ ಪಂಚಾಂಗದೊಳಗೆ ಇಡುತ್ತಿದ್ದರು. ಹಾಗಾಗಿ ಇದು ಬಿದ್ದ ದಿನದ್ದೇ. ಒಣಗಿಸಿ ಜೇಬಿಗೆ ಹಾಕಿಕೊಂಡೆ.

ಅಷ್ಟಾದ ಮೇಲೆ ಸಾಯ್ಬರು ಬುಡದ ಕಡೆ ಬಂದರು. “ಬಿರಡೆ ಹೋಗಿದೆ. ಹೊಸದು ಮಾಡ್ಬೇಕು.”

ಬಿರಡೆ ಎಂದರೆ ನನಗೆ ಗೊತ್ತಿದ್ದದ್ದು ಬಾಟಲಿಯದು, ವೀಣೆಯದು. ಕೋವಿಗೂ ಒಂದು ಇರುತ್ತದೆಂದು ತಿಳಿದದ್ದು ಅಂದೇ. ಕೋವಿಯ ನಳಿಗೆಯೆಂದರೆ ಕೊನೆಗೂ ಒಂದು ಕೊಳವೆ, ಎರಡೂ ಕಡೆ ತೂತು. ಹಿಂದಿನ ತೂತನ್ನು ಮುಚ್ಚಲು ಹೆಬ್ಬೆಟ್ಟು ಗಾತ್ರದ ಕಬ್ಬಿಣದ ತುಂಡಿಗೆ ಸುತ್ತ ಪಿರಿ ಕೊರೆದು ಬಿಗಿಯಾಗಿ ತಿರುಗಿಸಿ ಕೂರಿಸಿರುತ್ತಾರೆ. ಅದಕ್ಕೊಂದು ಬಾಲ. ಬಾಲದ ಮೇಲಿನ ತೂತಿನಲ್ಲಿ ಮೊಳೆ ಹಾಕಿ ಮರಕ್ಕೆ ಬಿಗಿಯುತ್ತಾರೆ. ಇಂಗ್ಲಿಷಿನವರು ಇದನ್ನೇ ಬ್ರೀಚ್ ಪ್ಲಗ್ ಎನ್ನುವುದು. ಕೋವಿಯ ಪ್ರತಾಪವೆಲ್ಲ ಬಾಯಿಯ ಕಡೆ ಕಾಣಿಸುತ್ತದೆ, ಜನ ಹೆದರುವುದೂ ಬಾಯಿಗೇ. ಸಾಯ್ಬರ ಲೆಕ್ಕ ಬೇರೆ: “ಬಾಯಿ ಕಡೆಯಿಂದ ಬರೋದು ಎದುರಿಗಿದ್ದೋನಿಗೆ. ಬುಡ ಕಡೆಯಿಂದ ಬಂದ್ರೆ ಹೊಡೆದೋನ ಹಣೆಗೇ.”

ಪಿರಿ ತಿಂದುಹೋದದ್ದಕ್ಕೆ ಕುಂಕುಮವೊಂದನ್ನೇ ದೂರುವುದು ಅನ್ಯಾಯ. ಕೋವಿಮದ್ದೆಂದರೆ ನೂರರಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಅದು ಸುಟ್ಟಾಗ ಅನಿಲವಾಗುವುದು ಅರ್ಧಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಒಂದಿಷ್ಟು ಹೊಗೆಯಾಗಿ ಹೋಗಿ, ಒಂದಿಷ್ಟು ಗಟ್ಟಿ ಮಸಿಯಾಗಿ ಒಳಗೇ ಕೂರುತ್ತದೆ. ಆ ಮಸಿ ಗಾಳಿಯಲ್ಲಿನ ತೇವವನ್ನು ಹೀರುವುದರಲ್ಲಿ ನಮ್ಮ ಮಳೆಗಾಲದ ಹಪ್ಪಳವನ್ನೂ ಮೀರಿಸುತ್ತದೆ. ಹೀರಿ, ಕಬ್ಬಿಣಕ್ಕೆ ಕೊಡುತ್ತದೆ. ಹೊಡೆದ ದಿನವೇ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿದರೆ ಕೋವಿ ನೂರು ವರ್ಷ ಬಾಳುತ್ತದೆ. ಅಪ್ಪಯ್ಯ ತೊಳೆಯುತ್ತಿದ್ದರು, ಆದರೆ ಬಚ್ಚಲ ಒಲೆಯಲ್ಲಿ ಬಿಸಿನೀರಿದ್ದ ದಿನ ಮಾತ್ರ. ನಳಿಗೆಯ ಉದ್ದಕ್ಕೂ ಬಟ್ಟೆ ಓಡಾಡುತ್ತದೆ. ಕಡೆಯ ಮೂಲೆಗೆ, ಬಿರಡೆಯ ಮುಖ ನಳಿಗೆಯನ್ನು ಮುಟ್ಟುವ ಸಂದಿಗೆ, ಅದು ಹೋಗುವುದಿಲ್ಲ. ಎಲ್ಲ ಮನೆಗಳ ಕಸವೂ ಅಂಥ ಮೂಲೆಯಲ್ಲೇ ಇರುತ್ತದೆ.

ಬಿಚ್ಚುವುದಕ್ಕೇ ಒಂದು ವಾರ ಹಿಡಿಯಿತು. ದಿನಾ ಒಂದಿಷ್ಟು ಎಣ್ಣೆ ಬಿಡುವುದು, ಕಾಯಿಸುವುದು, ಆರಲು ಬಿಡುವುದು. ನಳಿಗೆಗೆ ಗಾಯವಾಗದಂತೆ ತಾಮ್ರದ ತಗಡು ಸುತ್ತಿ ವೈಸಿಗೆ ಕಚ್ಚಿಸಿ, ಮಾರುದ್ದದ ಪಾನಾ ಹಾಕಿ, ಸಾಯ್ಬರೂ ಅವರ ಮೊಮ್ಮಗನೂ ನೇತಾಡಿದರು. ‘ಕಿರ್’ ಎಂದು ಕೂದಲೆಳೆಯಷ್ಟು ಸರಿಯಿತು. ಬಿರಡೆ ಹೊರಬಂದಾಗ ಪಿರಿ ಗೆದ್ದಲು ತಿಂದ ಪುಸ್ತಕದ ಹಾಗಿತ್ತು. ನಳಿಗೆಯ ಅಡಿಯಲ್ಲಿ ಉಳಿಯಿಂದ ಎಳೆದ ಸಣ್ಣ ಗೀರನ್ನು ಸಾಯ್ಬರು ತೋರಿಸಿದರು. ಅರ್ಧ ಗೀರು ನಳಿಗೆಯ ಮೇಲೆ, ಅರ್ಧ ಬಿರಡೆಯ ಮೇಲೆ. ಎರಡೂ ಕೂಡಿ ಒಂದು ಗೆರೆಯಾದರೆ ಬಿರಡೆ ಪೂರ್ತಿ ಕೂತಿದೆ ಎಂದರ್ಥ. ಯಾವನೋ ಕಮ್ಮಾರ ಯಾವ ಕಾಲದಲ್ಲೋ ಹಾಕಿಟ್ಟ ಸಾಕ್ಷಿ ಸಹಿ. ನನಗೆ ತಕ್ಷಣ ನಮ್ಮ ಅಮ್ಮಮ್ಮನ ಕೂಜಾ ನೆನಪಾಯಿತು.

ತಿರುಪಿನ ಮುಚ್ಚಳದ ಹಿತ್ತಾಳೆ ಕೂಜಾ ಗೊತ್ತಿರಬೇಕು ನಿಮಗೆ. ಅಮ್ಮಮ್ಮನ ಹತ್ತಿರ ಎರಡಿದ್ದವು. ಒಂದು ಅವರು ಮದುವೆಯಾಗಿ ಬರುವಾಗ ತಂದದ್ದು, ಇನ್ನೊಂದು ಚಿಕ್ಕಜ್ಜಿಯದು. ನೋಡಲು ಅವಳಿಜವಳಿ. ಆದರೆ ಇದರ ಮುಚ್ಚಳ ಅದಕ್ಕೆ ಹತ್ತುವುದಿಲ್ಲ, ಅದರದು ಇದಕ್ಕೆ ಕೂರುವುದಿಲ್ಲ. ತನ್ನದೇ ಮುಚ್ಚಳವಾದರೂ ಎಲ್ಲಿಂದಲೋ ಶುರುಮಾಡಿದರೆ ಒಪ್ಪದು. ಮುಚ್ಚಳದ ಮೇಲಿನ ಚುಕ್ಕಿ ಕಂಠದ ಮೇಲಿನ ಚುಕ್ಕಿಗೆ ಸರಿಯಾಗಿ ಬಂದಾಗಲೇ ಹಿಡಿಯುವುದು. ಒಮ್ಮೆ ಧರ್ಮಸ್ಥಳಕ್ಕೆ ಹೊರಟ ದಿನ ಗಡಿಬಿಡಿಯಲ್ಲಿ ಮುಚ್ಚಳಗಳು ಅದಲುಬದಲಾಗಿ, ಘಾಟಿ ಇಳಿಯುವಷ್ಟರಲ್ಲಿ ಅಮ್ಮಮ್ಮನ ಮಡಿಸೀರೆಯೂ ಪಕ್ಕದಲ್ಲಿದ್ದ ಅಪರಿಚಿತರ ಪಂಚೆಯೂ ತೊಯ್ದು ಹೋಗಿದ್ದವು. ಕೈಯಲ್ಲಿ ಕೊರೆದ ಪಿರಿಯ ಗುಣವೇ ಅದು. ಒಂದು ಮದುವೆಗೆ ಮಾಡಿದ್ದು ಇನ್ನೊಂದಕ್ಕೆ ಆಗುವುದಿಲ್ಲ.

ಜಗತ್ತಿನಲ್ಲಿ ಎಲ್ಲ ತಿರುಪುಗಳೂ ಒಂದು ಕಾಲಕ್ಕೆ ಹೀಗೇ ಇದ್ದವಂತೆ. ಮ್ಯಾಂಚೆಸ್ಟರಿನ ಜೋಸೆಫ್ ವಿಟ್‌ವರ್ತ್ ಎಂಬಾತ 1841ರಲ್ಲಿ, ಪಿರಿಯ ಹಲ್ಲುಗಳ ಕೋನ 55 ಡಿಗ್ರಿ ಇರಲಿ, ಇಂಥ ದಪ್ಪಕ್ಕೆ ಇಂಚಿಗೆ ಇಷ್ಟು ಸುತ್ತು ಇರಲಿ ಎಂದು ಒಂದು ಶಿಸ್ತು ಮುಂದಿಟ್ಟ. ಅಲ್ಲಿಯವರೆಗೆ ಒಂದು ಕಾರ್ಖಾನೆಯ ಬೋಲ್ಟು ಇನ್ನೊಂದರ ನಟ್ಟನ್ನು ಮೂಸಿಯೂ ನೋಡುತ್ತಿರಲಿಲ್ಲ. ಇದನ್ನು ತಿಳಿಯದೆ ನಾನು ಸಾಯ್ಬರಿಗೆ, “ಹೊಸ ಬಿರಡೆ ಆನ್‌ಲೈನಲ್ಲಿ ತರಿಸೋಣ್ವಾ?” ಎಂದುಬಿಟ್ಟೆ. ಅವರು ಕನ್ನಡಕದ ಮೇಲಿನಿಂದ ನೋಡಿದರು. “ಹಲ್ಲಿನ ಸೆಟ್ಟು ಆನ್‌ಲೈನಲ್ಲಿ ತರಿಸ್ತೀರಾ ಭಟ್ರೆ?”

ಅಮೆರಿಕದಲ್ಲಾದರೆ ತರಿಸಬಹುದು. ಅಲ್ಲಿ ಬಾಯಿಂದ ತುಂಬುವ ಕೋವಿಯವರಿಗೆಂದೇ ಬೇರೆ ಬೇಟೆ ಋತುವಿದೆ, 1933ರಿಂದ ಅವರದೊಂದು ರಾಷ್ಟ್ರೀಯ ಸಂಘವೂ ಇದೆ. 1985ರಲ್ಲಿ ಮಿಸೌರಿಯ ಟೋನಿ ನೈಟ್ ಎಂಬಾತ ಹೊಸ ಬಗೆಯ ಕೋವಿಯೊಂದನ್ನು ತಂದ. ಅದರ ಬಿರಡೆಯನ್ನು ಯಾರು ಬೇಕಾದರೂ ಬಿಚ್ಚಿ, ತೊಳೆದು, ಮತ್ತೆ ಹಾಕಬಹುದು. ಸವೆದರೆ ಹೊಸದು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಹಾಕುವಾಗ ಪಿರಿಗೆ ಗ್ರೀಸು ಹಚ್ಚಲು ಮರೆತರೆ ಮಾತ್ರ ಅಲ್ಲೂ ಇಬ್ಬರು ನೇತಾಡಬೇಕಾಗುತ್ತದೆ.

ಕೊಡಗಿನವರಿಗೆ ನನ್ನ ಪಾಡು ನಗೆಪಾಟಲು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಕೈಲ್‌ಪೊಳ್ದು ಹಬ್ಬದ ದಿನ ಅವರು ಕೋವಿಗೆ ತೋಕ್‌ಪೂ ಇಡುತ್ತಾರೆ. ನಾವು ಗೌರಿಹೂ ಎನ್ನುವ, ಬೆಂಕಿಯ ನಾಲಗೆಯಂಥ ಎಸಳಿನ ಹೂವು ಅದು. ‘ತೋಕ್’ ಎಂದರೆ ಕೋವಿ. ಬಾಯಿಗೆ ಹೂ ಸಿಕ್ಕಿಸುವುದರಿಂದ ಬುಡಕ್ಕೆ ಏನೂ ತೊಂದರೆಯಿಲ್ಲ. ನಾವು ಬುಡಕ್ಕೇ ಕುಂಕುಮ ಹಚ್ಚಿ ಕೂತವರು.

ಆ ಒಂದು ವಾರ ಸಾಯ್ಬರ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕೂತಾಗ ನಾನು ಬಿರಡೆಯ ಪುರಾಣ ಓದಿದೆ. ಅದರಲ್ಲಿ ಜಪಾನಿನ ಕಥೆಯೊಂದು ಇನ್ನೂ ತಲೆಯಿಂದ ಹೋಗಿಲ್ಲ.

1543ರಲ್ಲಿ ಚೀನೀ ಹಡಗೊಂದು ದಾರಿ ತಪ್ಪಿ ತನೆಗಾಶಿಮಾ ಎಂಬ ದ್ವೀಪಕ್ಕೆ ಬಂತು. ಅದರಲ್ಲಿದ್ದ ಪೋರ್ಚುಗೀಸರ ಕೈಯಲ್ಲಿ ಕೋವಿ. ದ್ವೀಪದ ಒಡೆಯ ತೊಕಿತಾಕಾ ಇನ್ನೂ ಮೀಸೆ ಚಿಗುರುವ ಹುಡುಗ. ಎರಡು ಕೋವಿ ಕೊಂಡು, ತನ್ನ ಕತ್ತಿ ಕಮ್ಮಾರ ಯಾಯಿತ ಕಿನ್‌ಬೇಯನ್ನು ಕರೆದು, ಇಂಥದ್ದೇ ಮಾಡು ಎಂದ. ಜಪಾನೀ ಕಮ್ಮಾರರಿಗೆ ಉಕ್ಕಿನ ಕಸುಬು ಹೇಳಿಕೊಡಬೇಕಾಗಿರಲಿಲ್ಲ. ನಳಿಗೆ ಆಯಿತು. ಮರ ಆಯಿತು. ಬೀಗ ಆಯಿತು. ಬುಡ ಮುಚ್ಚುವುದು ಮಾತ್ರ ಆಗಲಿಲ್ಲ. ತಿರುಪು ಎಂಬ ವಸ್ತುವೇ ಅಲ್ಲಿ ಇರಲಿಲ್ಲ. ಹೊರಗಿನ ಪಿರಿಯನ್ನು ಅರದಿಂದ ಹೇಗೋ ಕೊರೆಯಬಹುದು, ಕೊಳವೆಯ ಒಳಗೆ ಕೊರೆಯುವುದು ಹೇಗೆ? ಕಿನ್‌ಬೇ ಸುಸ್ತಾದ. ಮರುವರ್ಷ ಬಂದ ಹಡಗಿನಲ್ಲಿ ಪರದೇಶಿ ಕಮ್ಮಾರನೊಬ್ಬನಿದ್ದ, ಅವನಿಂದ ವಿದ್ಯೆ ಕಲಿತರು ಎಂದು 1606ರ ‘ತೆಪ್ಪೋಕಿ’ ಎಂಬ ಬರಹ ಹೇಳುತ್ತದೆ. ಊರಿನ ಐತಿಹ್ಯ ಅಷ್ಟಕ್ಕೆ ಬಿಡುವುದಿಲ್ಲ. ಆ ಗುಟ್ಟಿಗಾಗಿ ಕಿನ್‌ಬೇ ತನ್ನ ಮಗಳು ವಕಾಸಾಳನ್ನೇ ಪೋರ್ಚುಗೀಸನಿಗೆ ಕೊಟ್ಟನಂತೆ. ಅವಳು ಹಡಗು ಹತ್ತಿ ಹೋದಳಂತೆ. ಮತ್ತೆ ಊರಿಗೆ ಬಂದಾಗ, ವಾಪಸು ಕಳಿಸಲಾರದೆ, ಮಗಳು ಕಾಯಿಲೆಯಿಂದ ಸತ್ತಳೆಂದು ಸುಳ್ಳು ಉತ್ತರಕ್ರಿಯೆ ಮಾಡಿ ಅವಳನ್ನು ಉಳಿಸಿಕೊಂಡರಂತೆ.

ಒಂದು ತಿರುಪಿಗೆ ಒಬ್ಬ ಮಗಳು! ನಮ್ಮ ಕಡೆ ಮಗಳ ಜೊತೆ ಕೂಜಾ ಕೊಡುತ್ತಿದ್ದರು. ತಿರುಪು ಪುಕ್ಕಟೆಯಾಗಿ ಹೋಗುತ್ತಿತ್ತು. ಕಥೆ ಹೇಳಿದಾಗ ಸಾಯ್ಬರು ಲೇತು ನಿಲ್ಲಿಸಿ ಕೇಳಿಸಿಕೊಂಡರು. ಹುಡುಗಿಯ ಬಗ್ಗೆ ಏನೂ ಹೇಳಲಿಲ್ಲ, ಅವರಿಗೂ ಮೂರು ಹೆಣ್ಣುಮಕ್ಕಳು. “ಒಳಗಿನ ಪಿರಿ ಹೇಗೆ ಹಾಕಿದ್ರಂತೆ?” ಎಂದರು. ನಳಿಗೆಯ ಬುಡವನ್ನು ಕೆಂಪಗೆ ಕಾಯಿಸಿ, ಒಳಗೆ ಬಿರಡೆ ಇಟ್ಟು, ಹೊರಗಿನಿಂದ ಬಡಿದು ಅಚ್ಚು ಮೂಡಿಸುತ್ತಿದ್ದರು ಎನ್ನುತ್ತಾರೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹುಷಾರಿದ್ದ ಮನುಷ್ಯ” ಎಂದರು.

ಆ ತನೆಗಾಶಿಮಾದಿಂದಲೇ ಈಗ ಜಪಾನಿನವರು ರಾಕೆಟ್ ಹಾರಿಸುತ್ತಾರೆ, 1969ರಿಂದ ಅಲ್ಲಿ ಅವರ ಬಾಹ್ಯಾಕಾಶ ಕೇಂದ್ರವಿದೆ. ರಾಕೆಟ್ಟೂ ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ತೆರೆದ ಕೊಳವೆಯೇ. ಮುಚ್ಚುವುದು ಮುಂದೆ, ತೆರೆಯುವುದು ಹಿಂದೆ ಎಂಬುದಷ್ಟೇ ವ್ಯತ್ಯಾಸ. ಈ ವಿದ್ಯೆಯಲ್ಲಿ ನಮ್ಮ ಜಿಲ್ಲೆ ಹಿಂದೆ ಬಿದ್ದಿಲ್ಲ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಪಾಳುಬಾವಿಯೊಂದರ ಕೆಸರು ಎತ್ತಿದಾಗ ಟಿಪ್ಪುವಿನ ಕಾಲದ್ದೆಂದು ಹೇಳುವ ಕಬ್ಬಿಣದ ರಾಕೆಟ್ ಕೊಳವೆಗಳು ಸಾವಿರಕ್ಕೂ ಹೆಚ್ಚು ಸಿಕ್ಕವು. ಇನ್ನೂರು ಮಳೆಗಾಲ ಬಾವಿಯಲ್ಲಿ ಕೂತೂ ಕೆಲವುಗಳಲ್ಲಿ ಮದ್ದು ಉಳಿದಿತ್ತು. ನಾಲ್ಕು ವರ್ಷದ ಈಡಿಗೆ ನಾನು ಸ್ಟೂಲು ಬಿಟ್ಟು ಎದ್ದದ್ದು ಸ್ವಲ್ಪ ಹೆಚ್ಚಾಯಿತೇನೋ.

ಕೇಪಿನ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಭಟ್ಟರ ಮರ್ಯಾದೆಯ ಪ್ರಶ್ನೆ. ಕೇಪಿಗೆ ಮೊದಲು ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುತ್ತಿದ್ದರು. ಹೊರಗಿನ ಬಟ್ಟಲಲ್ಲಿ ಕಿಡಿ ಹೊಳೆದದ್ದಕ್ಕೂ ಗುಂಡು ಹೊರಡುವುದಕ್ಕೂ ನಡುವೆ ಒಂದು ಕ್ಷಣ. ಅಷ್ಟರಲ್ಲಿ ಬಾತುಕೋಳಿ ಹಾರಿಹೋಗುತ್ತಿತ್ತು. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿಯ ಚರ್ಚಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸೈತ್ ಇದರಿಂದ ರೋಸಿ, ಬಡಿದರೆ ಹೊತ್ತುವ ಮದ್ದನ್ನು ಬಳಸುವ ಉಪಾಯ ಹುಡುಕಿ 1807ರಲ್ಲಿ ಪೇಟೆಂಟ್ ಪಡೆದ. ಅದರ ಬೆನ್ನಿಗೇ ಕೇಪು ಬಂತು. ಅಂದರೆ ಕೇಪಿನ ಕೋವಿಯ ಮೂಲಪುರುಷ ಒಬ್ಬ ಪುರೋಹಿತ. ಭಟ್ಟರಿಗೇಕೆ ಕೋವಿ ಎಂದು ಕೇಳುವವರಿಗೆ ನಾನು ಈಗ ಇದನ್ನು ಹೇಳುತ್ತೇನೆ.

ಹೊಸ ಬಿರಡೆಗೆ ಬರೋಣ. ನಳಿಗೆಯ ಗೋಡೆ ಇನ್ನೂ ದಪ್ಪಗಿದೆಯೆಂದು ಅಳೆದು ನೋಡಿದ ಮೇಲೆ ಸಾಯ್ಬರು ಒಳಗಿನ ಹಳೇ ಪಿರಿಯನ್ನು ಹೆರೆದು, ತುಸು ದಪ್ಪ ಅಳತೆಗೆ ಹೊಸದು ಹಾಕಿದರು. ಅದಕ್ಕೆ ತಕ್ಕಂತೆ ಲೇತಿನಲ್ಲಿ ಬಿರಡೆ ಕಡೆದರು. ಅಲ್ಲಿಗೆ ಮುಗಿಯಿತು ಎಂದು ನಾನು ಚಪ್ಪಲಿ ಹುಡುಕಿದೆ. “ಎಲ್ಲಿಗೆ? ಈಗ ಶುರು” ಎಂದರು.

ಬಿರಡೆ ಪೂರ್ತಿ ಬಿಗಿಯಾದಾಗ ಏಕಕಾಲಕ್ಕೆ ಎರಡು ಆಗಬೇಕು. ಅದರ ಮುಖ ಒಳಗಿನ ಮೆಟ್ಟಿಲಿಗೆ ಸುತ್ತಲೂ ತಾಗಿ ಕೂರಬೇಕು, ಮಸಿ ಹೋಗಲು ಸಂದು ಉಳಿಯಬಾರದು. ಬಾಲ ನೆಟ್ಟಗೆ ಮೇಲ್ಮುಖವಾಗಿ ನಿಲ್ಲಬೇಕು. ಮುಖ ತಾಗುವ ಮೊದಲೇ ಬಾಲ ಮೇಲೆ ಬಂದರೆ ಒಳಗೆ ಪೊಳ್ಳು. ಮುಖ ತಾಗಿಯೂ ಬಾಲ ಪಕ್ಕಕ್ಕಿದ್ದರೆ ಮುಖವನ್ನು ಅರದಿಂದ ಉಜ್ಜಬೇಕು. ಒಂದು ಉಜ್ಜು ಹೆಚ್ಚಾದರೆ ಬಾಲ ಆಚೆ ಕಡೆಗೆ ದಾಟಿಹೋಗುತ್ತದೆ, ಆಗ ಬಿರಡೆ ಗುಜರಿಗೆ. ಸಾಯ್ಬರು ಸೀಮೆಎಣ್ಣೆ ಬುಡ್ಡಿ ಹಚ್ಚಿ, ಬಿರಡೆಯ ಮುಖವನ್ನು ಜ್ವಾಲೆಯ ಮೇಲೆ ಹಿಡಿದು ಕಾಡಿಗೆ ಕಟ್ಟಿಸಿದರು. ಒಳಗೆ ತಿರುಗಿಸಿ, ಬಿಗಿದು, ಹೊರಗೆ ತೆಗೆದರು. ಕಾಡಿಗೆ ಅಳಿಸಿ ಎಲ್ಲಿ ಲೋಹ ಹೊಳೆಯುತ್ತದೋ ಅಲ್ಲಿ ಮಾತ್ರ ತಾಗಿದೆ. ಹೊಳೆದ ಕಡೆ ಅರದಿಂದ ಎರಡು ಸಲ ನೇವರಿಸಿದರು. ಮತ್ತೆ ಬುಡ್ಡಿ, ಮತ್ತೆ ಕಾಡಿಗೆ, ಮತ್ತೆ ಒಳಗೆ. ಮೊದಲ ಸಲ ಹೊಳೆದದ್ದು ಅಕ್ಕಿಕಾಳಿನಷ್ಟು. ಆರನೆಯ ಸಲಕ್ಕೆ ಅರ್ಧಚಂದ್ರ. ನಾನು ಹದಿನಾಲ್ಕರವರೆಗೆ ಎಣಿಸಿದೆ, ಆಮೇಲೆ ಚಹಾ ಬಂತು.

“ಬೇಗ ಆಗಲ್ವಾ ಸಾಯ್ಬ್ರೆ?”

“ನಳಿಗೆ ಹಳೇದು, ಬಿರಡೆ ಹೊಸದು. ಎರಡನೇ ಸಂಬಂಧ ಭಟ್ರೆ, ಗಡಿಬಿಡಿ ಮಾಡ್ಬಾರ್ದು.”

ಸಂಜೆಯ ಹೊತ್ತಿಗೆ ಹೊಳಪು ಬಳೆಯ ಹಾಗೆ ಪೂರ್ತಿ ಸುತ್ತು ಬಂತು. ಬಾಲ ಸೂರ್ಯನಮಸ್ಕಾರಕ್ಕೆ ನಿಂತಂತೆ ನೆಟ್ಟಗಿತ್ತು. ಉಳಿ ತೆಗೆದುಕೊಂಡು, ಹಳೇ ಗೀರನ್ನೇ ಮುಂದುವರಿಸಿ ಹೊಸ ಬಿರಡೆಯ ಮೇಲೆ ಎಳೆದರು.

ಲಂಡನ್ನಿನಲ್ಲಿ 1637ರಲ್ಲಿ ಸನದು ಪಡೆದ ಕೋವಿ ಕಮ್ಮಾರರ ಕಂಪನಿ, ಬರ್ಮಿಂಗ್‌ಹ್ಯಾಮಿನಲ್ಲಿ 1813ರ ಪ್ರೂಫ್ ಹೌಸ್, ಇವು ಹೊಸ ನಳಿಗೆಗೆ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹೊಡೆದು, ಸಿಡಿಯದಿದ್ದರೆ ಮುದ್ರೆ ಒತ್ತಿ ಕೊಡುತ್ತಿದ್ದವು. ಸಾಯ್ಬರ ಪ್ರೂಫ್ ಹೌಸು ಊರಾಚೆ, ಒಂದು ಲಾರಿ ಟಯರು. ಕೋವಿಯನ್ನು ಅದಕ್ಕೆ ಕಟ್ಟಿ, ಮಣ್ಣಿನ ದಿಬ್ಬಕ್ಕೆ ಮುಖ ಮಾಡಿಸಿ, ಗೋಡೆಯ ಮರೆಯಿಂದ ದಾರ ಎಳೆದರು. ಹೊಗೆ ಹೋದ ಮೇಲೆ ಬೆರಳಿನಿಂದ ಬುಡ ಒರೆಸಿ ನೋಡಿದರು. ಬೆರಳು ಕಪ್ಪಾಗಿರಲಿಲ್ಲ. ಅದೇ ಮುದ್ರೆ. ಬಿಲ್ಲು ಬರೆಯುವಾಗ ಕೆಳಗೆ ಒಂದು ಸಾಲು ಸೇರಿಸಿದರು: ‘ಬುಡಕ್ಕೆ ಕುಂಕುಮ ಬೇಡ’. ನನ್ನ ಹೆಂಡತಿ ಈಗ ಮರದ ಹಿಡಿಕೆಗೆ ಹಚ್ಚುತ್ತಾಳೆ.

ಮಂಗಗಳ ವಿಷಯ ಏನೆಂದು ಕೇಳಬಾರದು. ಮೊದಲ ಈಡಿಗೆ ಓಡಿದವು, ಮೂರನೆಯದಕ್ಕೆ ತಿರುಗಿ ನೋಡಿದವು. ಅಷ್ಟರಲ್ಲಿ 2024ರ ಮಾರ್ಚ್ ಬಂತು, ಲೋಕಸಭಾ ಚುನಾವಣೆ ಘೋಷಣೆಯಾಯಿತು, ನಾನು ಮತ್ತೆ ಗೋಣಿಚೀಲ ಹೆಗಲಿಗೇರಿಸಿ ಠಾಣೆಗೆ ಹೋದೆ. ಹೊಸ ಹುಡುಗ, ಪೇದೆ, ರಿಜಿಸ್ಟರಿನಲ್ಲಿ ಎಸ್‌ಬಿಎಂಎಲ್ ಎಂದು ಬರೆದು ತಲೆಯೆತ್ತಿದ.

“ತುಂಬಿಲ್ಲ ತಾನೇ ಭಟ್ರೆ?”

ಹಿಂದಿನ ಸಲವೂ ಇದೇ ಪ್ರಶ್ನೆ ಕೇಳಿದ್ದರು, ನಾನು ಬ್ಯಾಂಕಿನ ಠೀವಿಯಲ್ಲಿ ‘ಇಲ್ಲ’ ಎಂದಿದ್ದೆ. ಈ ಸಲ ಬಾಯಿ ಬಿಡಲಿಲ್ಲ. ಗಜ ತೆಗೆದು ನಳಿಗೆಯ ಬಾಯಿಗಿಟ್ಟು ಕೈಬಿಟ್ಟೆ.

‘ಠಣ್’ ಎಂದಿತು. ಮೂಲೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದವರೊಬ್ಬರು ಕಣ್ಣುಬಿಟ್ಟರು. ಪೇದೆ ಸಹಿ ಮಾಡುವ ಜಾಗ ತೋರಿಸಿದ.